ತಮ್ಮನಿಗಾಗಿ ಕಾನೂನು ಓದಿದ ಮಾಸ್ತರರು

ಮಾಸ್ತರರ ಬಲಗಿವಿಯ ಮೇಲೆ ಯಾವಾಗಲೂ ಒಂದು ತುಂಡು ಸೀಮೆಸುಣ್ಣ ಸಿಕ್ಕಿಸಿಕೊಂಡಿರುತ್ತಿತ್ತು. ಶಾಲೆಯ ನೌಕರಿ ಬಿಟ್ಟ ಮೇಲೂ ಆ ರೂಢಿ ಬಿಟ್ಟಿರಲಿಲ್ಲ. ಅದರ ಪುಡಿ ಕೂತು ಆ ಕಡೆಯ ಕೂದಲೆಲ್ಲ ಬೆಳ್ಳಗಾಗಿ, ಮೂವತ್ತು ದಾಟಿದ ಮನುಷ್ಯ ಒಂದೇ ಮಗ್ಗುಲಿನಿಂದ ಮುದುಕನಂತೆ ಕಾಣುತ್ತಿದ್ದರು.

ನಾನು ಅವರನ್ನು ಕಂಡದ್ದು ಧಾರವಾಡದ ಒಬ್ಬ ಹಿರಿಯ ವಕೀಲರ ಪಡಸಾಲೆಯಲ್ಲಿ. ಇಪ್ಪತ್ತರ ದಶಕದ ಮಾತು. ಊರಲ್ಲಿ ಕಾನೂನು ಕಾಲೇಜು ಇರಲಿಲ್ಲ. ಜಿಲ್ಲಾ ವಕೀಲಿ ಪರೀಕ್ಷೆಗೆ ಕೂಡುವ ನಾವು ಕೆಲವರು ದಿನಾ ಬೆಳಿಗ್ಗೆ ಅಲ್ಲಿ ಸೇರಿ ದಂಡ ಸಂಹಿತೆ, ಸಾಕ್ಷಿ ಕಾಯದೆ ಓದುತ್ತಿದ್ದೆವು. ಪರೀಕ್ಷೆ ಬರೆಯುವುದಕ್ಕೆ ಮಾತ್ರ ಮುಂಬಯಿಗೆ ಹೋಗಬೇಕು. ನಮಗೆಲ್ಲ ಆಗಷ್ಟೇ ಮೀಸೆ ಮೂಡಿತ್ತು. ಮಾಸ್ತರರೊಬ್ಬರೇ ವಯಸ್ಸಾದವರು. ಉಪ್ಪಿನಬೆಟಗೇರಿಯಲ್ಲಿ ಎತ್ತುಗಳಿಗೆ ಲಾಳ ಬಡಿಯುವ ಮುಸಲ್ಮಾನರ ಮನೆ ಅವರದು. ಆ ಮನೆಯಲ್ಲಿ ಅಕ್ಷರ ಕಲಿತವರು ಅವರೊಬ್ಬರೇ.

ನನ್ನ ಇಂಗ್ಲಿಷು ಕಚ್ಚಾ. ಪಾಠ ಮುಗಿದ ಮೇಲೆ ಮಾಸ್ತರರು ನನ್ನನ್ನು ಕೂಡಿಸಿಕೊಂಡು, ನೆಲದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಮನುಷ್ಯರನ್ನು ಬರೆಯುತ್ತಿದ್ದರು. "ಇಂವಾ ಕಳವು ಮಾಡಿದಾಂವ. ಇಂವಾ ಕಣ್ಣಾರೆ ನೋಡಿದಾಂವ. ಇಂವಾ ಬರೇ ಮಂದಿ ಬಾಯಿಂದ ಕೇಳಿದಾಂವ. ಕೋರ್ಟು ಯಾರ ಮಾತು ತಗೋತದ, ಹೇಳ್ರಿ ನೋಡೋಣ." ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ. "ಇರಲಿ, ಇನ್ನೊಮ್ಮೆ ನೋಡೋಣ ಬರ್ರಿ" ಎಂದು ಅಂಗೈಯಿಂದ ಎಲ್ಲ ಒರೆಸಿ ಮೊದಲಿನಿಂದ ಶುರು ಮಾಡುತ್ತಿದ್ದರು.

ಒಂದು ದಿನ ತಪ್ಪೊಪ್ಪಿಗೆಯ ಪಾಠ ಬಂತು. ಅಧಿಕಾರದಲ್ಲಿದ್ದವರು ಹೆದರಿಸಿಯೋ ಆಸೆ ತೋರಿಸಿಯೋ ಆರೋಪಿಯಿಂದ ತಪ್ಪು ಒಪ್ಪಿಸಿದರೆ ಆ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದು ವಕೀಲರು ವಿವರಿಸಿದರು. ಮಾಸ್ತರರು ಎದ್ದು ನಿಂತರು.

"ಆಸೆ ತೋರ್ಸ್ಯಾರ ಅಂತ ಕೋರ್ಟಿಗೆ ಯಾರು ಹೇಳಬೇಕ್ರಿ?"

"ಆರೋಪಿ ಹೇಳಬೇಕು. ಇಲ್ಲಾಂದ್ರ ಅವನ ವಕೀಲ."

"ಆಗ ಯಾರೂ ಹೇಳಲಿಲ್ಲ, ಅಪೀಲೂ ಬಿದ್ದು ಹೋತು ಅಂದ್ರ?"

"ಮುಗೀತು. ಸರಕಾರಕ್ಕ ದಯಾ ಕೇಳ್ಕೊಂಡು ಅರ್ಜಿ ಬರೀಬೇಕಷ್ಟ."

"ಅರ್ಜೀನೂ ಬರದೇನ್ರಿ. ಆಗೂದಿಲ್ಲ ಅಂತ ಜವಾಬು ಬಂತು," ಎಂದರು ಮಾಸ್ತರರು. ಕೂತರು.

ಆ ಸಂಜೆ ಕೆಲಗೇರಿ ಕೆರೆಯ ಕಡೆ ನಡೆಯುತ್ತ ಅವರು ನನಗೆ ಎಲ್ಲ ಹೇಳಿದರು. ಅವರಿಗೊಬ್ಬ ತಮ್ಮ. ತಾಯಿ ಸತ್ತಾಗ ಅವನು ಕೂಸು, ಬೆಳೆಸಿದವರು ಇವರೇ. ಊರಿನ ಸಾಹುಕಾರನೊಬ್ಬನ ಕೊಲೆಯಾದ ದಿನ ಆ ಹುಡುಗ ಅಮ್ಮಿನಬಾವಿಯಲ್ಲಿ ಅಕ್ಕನ ಮನೆಯಲ್ಲಿದ್ದ. ಆದರೂ ಪೊಲೀಸರು ಹಿಡಿದವರಲ್ಲಿ ಅವನೂ ಒಬ್ಬ. ಫೌಜದಾರ ಮಾಸ್ತರರನ್ನು ಕರೆಸಿ, "ನೀವು ಓದಿದವರು. ಜೋಡಿ ಹೋಗಿದ್ದೆ, ಕೈ ಹಚ್ಚಲಿಲ್ಲ ಅಂತ ಮ್ಯಾಜಿಸ್ಟ್ರೇಟರ ಮುಂದ ತಮ್ಮನ ಕಡೆ ಹೇಳಸ್ರಿ. ಮಾಫಿ ಸಾಕ್ಷಿ ಮಾಡ್ಕೊಂಡು ಬಿಟ್ಟುಬಿಡ್ತೇವಿ" ಎಂದಿದ್ದ. ಮಾಸ್ತರರು ನಂಬಿದರು. ತಾವೇ ಪೊಲೀಸ್ ಕಚೇರಿಗೆ ಹೋಗಿ ತಮ್ಮನಿಗೆ ಆ ಮಾತನ್ನು ಬಾಯಿಪಾಠ ಮಾಡಿಸಿದರು. ಅವನು ಹಾಗೆಯೇ ಹೇಳಿದ. ಫೌಜದಾರ ಅವನನ್ನು ಸಾಕ್ಷಿ ಮಾಡಲಿಲ್ಲ. ಕಡೆಗೆ ಬಿಡುತ್ತಾರೆ, ಗದ್ದಲ ಮಾಡಬೇಡಿ ಎನ್ನುತ್ತಲೇ ಹೋದ.

"ಸೆಶನ್ಸ್ ಜಡ್ಜ್ ಸಾಹೇಬ್ರು ಕೇಳಿದ್ರು, ಹಿಂಗ ಹೇಳು ಅಂತ ನಿನಗ ಯಾರರೆ ಕಲಿಸ್ಯಾರೇನು ಅಂತ," ಮಾಸ್ತರರು ನಡೆಯುವುದನ್ನು ನಿಲ್ಲಿಸಿದರು. "ಅಂವಾ ನನ್ನ ಮಾರಿ ನೋಡಿದ. ನಾ ಇಲ್ಲ ಅಂತ ಗೋಣು ಅಳ್ಳಾಡಿಸಿದೆ. ಇಲ್ರಿ ಅಂದ."

ಅವನಿಗೆ ಜನ್ಮಠೇಪಿಯಾಯಿತು, ಉಸಿರಿರುವ ತನಕ ಸೆರೆ. ಮಾಸ್ತರರು ನೌಕರಿ ಬಿಟ್ಟು ಕಾನೂನು ಓದಲು ಬಂದರು.

ಯಾವ ದಾರಿಯೂ ಉಳಿದಿಲ್ಲವೆಂದು ತಿಳಿದ ಮೇಲೆ ಇನ್ನು ಇವರು ಪಡಸಾಲೆಗೆ ಬರಲಾರರು ಎಂದುಕೊಂಡಿದ್ದೆ. ಮರುದಿನ ನನಗಿಂತ ಮೊದಲೇ ಬಂದು ಕೂತಿದ್ದರು. ಯಾಕೆಂದು ತಿಳಿದದ್ದು ಅವರ ಜೊತೆ ಜೈಲಿನ ಭೇಟಿಗೆ ಹೋದಾಗ. ಆ ಹುಡುಗ ಸರಳಿನ ಆಚೆ ನಿಂತು ನಗುತ್ತ ಕೇಳಿದ, "ಪರೀಕ್ಷಾ ಯಾವಾಗ, ಭಯ್ಯಾ?"

"ಇನ್ನೇನ್ ಬಂತು."

"ನೀ ವಕೀಲ ಆದ ಮ್ಯಾಲೆ ಮೊದಲ ನನ್ನ ಖಟ್ಲೆ ತಗೋಬೇಕ ಮತ್ತ."

"ನಿಂದೇ ಮೊದಲ," ಎಂದರು ಮಾಸ್ತರರು.

ಹೊರಗೆ ಬಂದ ಮೇಲೆ ನಾನು ತಡೆಯಲಾರದೆ, "ಇನ್ನ ಏನೂ ಆಗೂದಿಲ್ಲ ಅಂತ ಅವಗ ಖರೇ ಹೇಳಬಾರದೇನ್ರಿ?" ಎಂದೆ.

"ಸುಳ್ಳು ಹೇಳಿಸಿ ಒಳಗ ಹಾಕಿಸೇನಿ. ಈಗ ಖರೇ ಹೇಳಿ ಅಲ್ಲೇ ಕೊಲ್ಲಲೇನ್ರಿ?"

ಪರೀಕ್ಷೆ ಹತ್ತಿರ ಬಂದಾಗ ಹುಡುಗ ಜೈಲಿನಲ್ಲಿ ಜ್ವರ ಹಿಡಿದು ತೀರಿಕೊಂಡ. ಮಾಸ್ತರರು ಗಾಡಿಯಲ್ಲಿ ಹೆಣ ಊರಿಗೆ ಒಯ್ದು ತಾವೇ ಮೈ ತೊಳೆದು ಮಣ್ಣು ಮಾಡಿ ಬಂದರು. ಎಷ್ಟೋ ದಿನಗಳ ನಂತರ ಒಂದೇ ಮಾತು ಹೇಳಿದರು: "ಲಾಳದ ಸುತ್ತಿಗಿ ಹಿಡಿದ ಕೈರಿ ಅವನವು. ಹೆಂಗಸರ ಕೈಯಂಗ ಮೆತ್ತಗ ಆಗಿದ್ವು."

ನನ್ನ ಪಾಠ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಪರೀಕ್ಷೆಗೆ ಹೊರಟಾಗ ಧಾರವಾಡ ಸ್ಟೇಶನ್ನಿಗೂ ಬಂದರು. ನಾನು ಅವರ ಕೈ ಹಿಡಿದು, "ನೀವೂ ಬರ್ರಿ ಮಾಸ್ತರ್, ನನಗಿಂತ ನಿಮಗ ಛಲೋ ಬರ್ತದ" ಎಂದೆ. ಕೈ ಬಿಡಿಸಿಕೊಂಡು, "ಯಾರ ಸಲುವಾಗಿ ಬರ್ಲಿ?" ಎಂದರು. ಗಾಡಿ ಹೊರಟಿತು.

ನಾನು ಪಾಸಾಗಿ ವಕೀಲಿ ಸನ್ನದು ತೆಗೆದುಕೊಂಡೆ. ಅವರು ಮತ್ತೆ ಹಳ್ಳಿಯ ಶಾಲೆಗೆ ಸೇರಿದರು. ಕೆಲವು ವರ್ಷಗಳ ಮೇಲೆ, ಕ್ಷಯದಿಂದ ಅಮ್ಮಿನಬಾವಿಯಲ್ಲಿ ಅಕ್ಕನ ಮನೆ ಸೇರಿದ್ದಾರೆ ಎಂದು ಕೇಳಿ ನೋಡಲು ಹೋದೆ. ಹೊರಸಿನ ಮೇಲೆ ಮಲಗಿದ್ದರು. ಸಂತೋಷಪಟ್ಟಾರೆಂದು ನಾನು ಆ ವಾರ ಗೆದ್ದ ಖಟ್ಲೆಯ ಸುದ್ದಿ ಹೇಳಿದೆ. ಪೊಲೀಸರು ಆಸೆ ತೋರಿಸಿ ತಪ್ಪು ಒಪ್ಪಿಸಿದ್ದರು, ಅದನ್ನೇ ಹಿಡಿದು ವಾದಿಸಿದೆ, ಹುಡುಗ ಬಿಡುಗಡೆಯಾದ ಎಂದೆ.

"ಎಷ್ಟ ವಯಸ್ಸು ಅವಂದು?"

"ಇಪ್ಪತ್ತಿರಬೇಕ್ರಿ."

"ಛಲೋ ಆತು," ಎಂದರು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದರು. ನಾನು ಏಳುವ ತನಕ ಈಚೆ ತಿರುಗಲಿಲ್ಲ.

ಸ್ವಲ್ಪ ದಿನಕ್ಕೇ ಅವರ ಮಣ್ಣಿಗೆ ಹೋಗಿಬಂದೆ. ತಮ್ಮನನ್ನು ಬಿಡಿಸಬೇಕೆಂದು ಅವರು ಕಲಿತ ಕಾನೂನು ಅವನ ತನಕ ಮುಟ್ಟಲಿಲ್ಲ. ಅವರು ಕಲಿಸಿದ ಆ ಕಾನೂನಿನ ಮೇಲೆ ನಾನು ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ.