ಸಿಸೆಲಿ ಬಿಳುಪಾಗಿಸಿದ ಬಟ್ಟೆ, ಹೆಟ್ಟಿಯ ಮನೆತನದ ಹೆಸರು

ಅಪ್ಪ ಮತ್ತು ಇಬ್ಬರು ಅಣ್ಣಂದಿರ ಅಂಗಿ, ಚಡ್ಡಿ, ಹಾಸಿಗೆ ಬಟ್ಟೆ ಒಗೆಯುವುದರಲ್ಲೇ ಹೆಟ್ಟಿ ಬ್ಲ್ಯಾಕ್ಸ್‌ಟರ್ ನಲವತ್ತು ವರ್ಷ ಸವೆಸಿದ್ದಳು. ಅವರೆಲ್ಲ ಮಣ್ಣು ಸೇರಿದ ಮೇಲೆ ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಅವರ ಹಳ್ಳಿಯಲ್ಲಿ ಆ ಮನೆತನದ ಹೆಸರಿಗೆ ಉಳಿದವಳು ಅವಳೊಬ್ಬಳೇ. "ನಮ್ಮ ಮೂಲಪುರುಷ ರಾಜನ ಕತ್ತಿ ಹೊರ್ತಿದ್ದ" ಎಂದು ಅಪ್ಪ ಪಬ್ಬಿನಲ್ಲಿ ಕೊಚ್ಚಿಕೊಳ್ಳುತ್ತಿದ್ದ. ತನ್ನ ಕಾಲುಚೀಲ ಎಲ್ಲಿದೆಯೆಂಬುದು ಮಾತ್ರ ಅವನಿಗೆ ಎಂದೂ ಗೊತ್ತಿರಲಿಲ್ಲ.

ಅರವತ್ತೆರಡನೇ ವಯಸ್ಸಿನಲ್ಲಿ ಹೆಟ್ಟಿಗೆ ಮದುವೆ ನಿಶ್ಚಯವಾಯಿತು. ವರ ವಾಲ್ಟರ್ ಮಾಬ್ಸ್, ಚರ್ಚಿನ ಗಂಟೆ ಬಾರಿಸುವ ವಿಧುರ. ಅವನ ಅಕ್ಕ ಮ್ಯೂರಿಯಲ್ ಆಗಲೇ ತಲೆದಿಂಬಿಗೆ 'ಮಿಸೆಸ್ ಮಾಬ್ಸ್' ಎಂದು ಕಸೂತಿ ಹಾಕಿದ್ದಳು.

"ಶನಿವಾರ ಮದುವೆ ಆಗ್ತಿದ್ದ ಹಾಗೆ ನಿನ್ನ ಆ ಹಳೇ ಹೆಸರಿನ ಪೀಡೆ ತೊಲಗತ್ತೆ, ಬಿಡು!" ಎಂದಳು ಮ್ಯೂರಿಯಲ್.

ತೊಲಗಿಸುವ ಮುಂಚೆ ಅದು ಯಾರದೆಂದು ನೋಡಿಬಿಡೋಣ ಎಂದು ಹೆಟ್ಟಿ ಬಸ್ಸು ಹತ್ತಿ ನಾರಿಚ್ ಪಟ್ಟಣದ ದಾಖಲೆ ಕಚೇರಿಗೆ ಹೋದಳು. ಅಲ್ಲಿನ ಹಳೆಯ ಕಡತದ ಪ್ರಕಾರ, ಆರುನೂರು ವರ್ಷದ ಹಿಂದೆ, ಸಿಸೆಲಿ ಎಂಬುವಳು ಜಮೀನ್ದಾರನ ಹುಲ್ಲುಗಾವಲಿನಲ್ಲಿ ಬಟ್ಟೆ ಹರಡಿದ್ದಕ್ಕೆ ದಂಡ ತೆತ್ತಿದ್ದಳು. ಅವಳ ಹೆಸರಿನ ಮುಂದೆಯೇ ಇತ್ತು, ಬ್ಲ್ಯಾಕ್ಸ್‌ಟರ್. ಹಾಗೆಂದರೆ ನಾರುಬಟ್ಟೆಯನ್ನು ಬೂದಿನೀರಲ್ಲಿ ಬೇಯಿಸಿ, ಹುಲ್ಲಿನ ಮೇಲೆ ಹಾಸಿ, ನೀರು ಚಿಮುಕಿಸಿ ಬಿಳುಪಾಗಿಸುವ ಹೆಂಗಸು ಎಂದು ಗುಮಾಸ್ತೆ ವಿವರಿಸಿದಳು. ಹೆಟ್ಟಿ ಎಷ್ಟು ಜೋರಾಗಿ ನಕ್ಕಳೆಂದರೆ ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಮೂಲಪುರುಷನೂ ಇಲ್ಲ, ಕತ್ತಿಯೂ ಇಲ್ಲ! ಹೆಂಗಸೊಬ್ಬಳ ಬೆನ್ನುನೋವಿನ ಹೆಸರನ್ನು ಗಂಡಸರು ಇಷ್ಟು ಕಾಲ ಬಾಗಿಲಿಗೆ ಬರೆಸಿಕೊಂಡಿದ್ದರು.

ಸಂಜೆ ವಾಲ್ಟರ್‌ಗೆ ನೇರವಾಗಿ ಹೇಳಿದಳು: "ನಾನು ಹೆಸರು ಬಿಡಲ್ಲ ಕಣೋ. ಅದು ಆಗಲ್ಲ ಅಂದ್ರೆ ಮದುವೇನೂ ಬೇಡ."

ಅವನು ಒಳ್ಳೆಯವನು, ಕಳೆದುಕೊಳ್ಳುವ ಮನಸ್ಸು ಅವಳಿಗಿರಲಿಲ್ಲ.

ವಾಲ್ಟರ್ ಚಹಾದ ಬಟ್ಟಲು ಕೆಳಗಿಟ್ಟ. "ಮಾಬ್ಸ್‌ಗಳು ಊರ ತುಂಬ ಇದ್ದಾರೆ, ಒಬ್ಬ ಕಮ್ಮಿಯಾದ್ರೆ ಯಾರಿಗೂ ತಿಳಿಯಲ್ಲ. ನಾನೇ ಬ್ಲ್ಯಾಕ್ಸ್‌ಟರ್ ಆಗ್ಲಾ?"

"ಪುಕ್ಕಟೆ ಸಿಗಲ್ಲ ಆ ಹೆಸರು. ಮದುವೆಯೂಟದ ಮೇಜಿನ ಬಟ್ಟೆ ಒಗಿ, ಆಮೇಲೆ ನೋಡೋಣ."

ಮರುದಿನ ಬೆಳಿಗ್ಗೆ ಅವನು ಹೆಟ್ಟಿಯ ಹಿತ್ತಲಿನಲ್ಲಿ ಅಂಗಿಯ ತೋಳು ಮಡಚಿ ಬಟ್ಟೆ ಉಜ್ಜಿ, ಹಿಂಡಿ, ಹುಲ್ಲಿನ ಮೇಲೆ ಹಾಸಿದ. ಪಕ್ಕದ ಮನೆಯ ಬಾತುಕೋಳಿಗಳು ಸಾಲಾಗಿ ಅದರ ಮೇಲೆ ನಡೆದುಹೋದವು. ಮತ್ತೆ ಒಗೆದ. ಗೋಡೆಯಾಚೆ ಹೆಂಗಸರು ಸೇರಿದರು.

"ಮೂಲೇಲಿ ಇನ್ನೂ ಕಲೆ ಇದೆ, ವಾಲ್ಟರ್!" ಎಂದು ಅವರಲ್ಲೊಬ್ಬಳು ಕೂಗಿದಳು.

ಗದ್ದಲ ಕೇಳಿ ಮ್ಯೂರಿಯಲ್ ಓಡಿಬಂದಳು. "ಏನೋ ಇದು, ಗಂಡಸಾಗಿ?"

"ಹೆಸರು ಸಂಪಾದಿಸ್ತಿದೀನಿ ಅಕ್ಕ. ಸುಮ್ನೆ ನಿಂತ್ಕೋಬೇಡ, ಆ ತುದಿ ಹಿಡಿ."

ಮ್ಯೂರಿಯಲ್ ಗೊಣಗುತ್ತಲೇ ಹಿಡಿದಳು. ಹೆಟ್ಟಿ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಇನ್ನೊಂದು ಬಟ್ಟಲು ಚಹಾ ಬಗ್ಗಿಸಿಕೊಂಡಳು.