ತಂಗಳು ಪೆಟ್ರೋಲ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾರು ನಿಂತದ್ದು ಹನ್ನೊಂದು ಗಂಟೆಗೋ ಹನ್ನೆರಡಕ್ಕೋ ಖಚಿತವಿಲ್ಲ. ಬಂಕಿನಲ್ಲಿ ಟ್ಯಾಂಕರ್ ನಿಂತು ಪೆಟ್ರೋಲ್ ಇಳಿಸುತ್ತಿತ್ತು ಎಂದು ಆ ದಿನವೆಲ್ಲ ಆಣೆ ಮಾಡಿ ಹೇಳಿದ್ದೆ. ಈಗ ಕಣ್ಣು ಮುಚ್ಚಿದರೆ ಟ್ಯಾಂಕರ್ ಕಾಣುತ್ತದೆ, ಅದರ ಬಣ್ಣ ಮಾತ್ರ ಕಾಣುವುದಿಲ್ಲ. ಭಾನುವಾರ ಎನ್ನುವುದಂತೂ ನಿಜ. ಬೇರೆ ದಿನ ನಾನು ಆ ಕಾರನ್ನು ಓಡಿಸುವುದಿಲ್ಲ.

ಕಾರು ಅಣ್ಣನದು. ಅವನು ರೈಲ್ವೆಯಲ್ಲಿದ್ದವನು, ನಿವೃತ್ತನಾಗಿ ಕೃಷ್ಣರಾಜಪುರದಲ್ಲಿ ಅತ್ತಿಗೆಯ ಜೊತೆ ಇದ್ದಾನೆ. ಕಣ್ಣು ಮಂಜಾಗಿ ಓಡಿಸುವುದು ಬಿಟ್ಟಾಗ ಬೀಗದ ಕೈಯನ್ನು ನನಗೆ ಕೊಟ್ಟು, "ಕಾರು ನಿಂದು, ಭಾನುವಾರ ನಮ್ದು" ಅಂದ. ಅಂದರೆ ಪ್ರತಿ ಭಾನುವಾರ ನಾನು ಸರ್ವಜ್ಞನಗರದ ನನ್ನ ಫ್ಲ್ಯಾಟಿನಿಂದ ಹೊರಟು ಅವರ ಮನೆಯಲ್ಲಿ ಊಟ ಮಾಡಿ ಬರಬೇಕು. ಕಾಲೇಜಿನ ಪಾಠ ಬಿಟ್ಟ ಮೇಲೆ ನನ್ನನ್ನು ಏಕವಚನದಲ್ಲಿ ಮಾತಾಡಿಸುವವರು ಉಳಿದಿರುವುದು ಅವರಿಬ್ಬರೇ. ಉಳಿದ ಆರು ದಿನ ನಾನು ಎಲ್ಲರಿಗೂ ಮೇಡಂ.

ಕಾರಿನ ಜೊತೆಗೆ ಅಣ್ಣ ಕೆಲವು ನಿಯಮಗಳನ್ನೂ ಕೊಟ್ಟಿದ್ದ. ಟ್ಯಾಂಕರ್ ಬಂದು ಇಳಿಸುತ್ತಿರುವ ಬಂಕಿನಲ್ಲಿ ಹಾಕಿಸಬಾರದು, ನೆಲದಡಿಯ ತೊಟ್ಟಿಯ ತಳದಲ್ಲಿರುವ ಕಸ, ನೀರು ಎಲ್ಲ ಆಗ ಕಲಕಿರುತ್ತದೆ. ಜೋರು ಮಳೆಯಾದ ಮಾರನೆಯ ದಿನ ತಗ್ಗಿನಲ್ಲಿರುವ ಬಂಕಿಗೆ ಹೋಗಬಾರದು. ಅನುಮಾನ ಬಂದರೆ ಫಿಲ್ಟರ್ ಪೇಪರ್ ಕೇಳಬೇಕು, ಅವರು ಕೊಡಲೇಬೇಕು. ಅದರ ಮೇಲೆ ಒಂದು ಹನಿ ಬಿಟ್ಟರೆ ಒಳ್ಳೆಯ ಪೆಟ್ರೋಲ್ ಪೂರ್ತಿ ಆರಿಹೋಗುತ್ತದೆ, ಕಲಬೆರಕೆಯದು ಕಲೆ ಉಳಿಸುತ್ತದೆ. "ಈಗಿನ ಪೆಟ್ರೋಲಲ್ಲಿ ಎಥನಾಲ್ ಸೇರಿಸ್ತಾರೆ. ಅದಕ್ಕೆ ನೀರಂದ್ರೆ ಬಲು ಆಸೆ. ಎಲ್ಲಿದ್ರೂ ಎಳ್ಕೊಳ್ಳುತ್ತೆ" ಎನ್ನುತ್ತಿದ್ದ.

ಆ ಭಾನುವಾರ ಹಲಸೂರಿನ ಹತ್ತಿರ ಹತ್ತು ಲೀಟರ್ ಹಾಕಿಸಿದೆ. ಟ್ಯಾಂಕರ್ ನೋಡಿದೆ, ಅಥವಾ ನೋಡಿದೆ ಎಂದು ಆಮೇಲೆ ಅಂದುಕೊಂಡೆ. ಇಂದಿರಾನಗರ ದಾಟಿ ಹಳೆ ಮದ್ರಾಸು ರಸ್ತೆಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಮುಗ್ಗರಿಸತೊಡಗಿತು. ಆಕ್ಸಲರೇಟರ್ ಒತ್ತಿದರೆ ಮುಂದೆ ಹೋಗುವ ಬದಲು ಜಗ್ಗುತ್ತಿತ್ತು. ಹಿಂದಿನ ಸೀಟಿನ ಕೆಳಗಿಂದ ಕೊಂಯ್ ಎಂಬ ಸದ್ದು. ಬೈಯಪ್ಪನಹಳ್ಳಿ ಬರುವ ಮೊದಲೇ ನಿಂತುಬಿಟ್ಟಿತು. ಮೇಲೆ ಮೆಟ್ರೋ ಕೆ.ಆರ್.ಪುರದ ಕಡೆಗೇ ಹೋಗುತ್ತಿತ್ತು.

ಅತ್ತಿಗೆಗೆ ಫೋನು ಮಾಡಿದೆ. "ಬರೋಕಾಗಲ್ಲ ಅತ್ತಿಗೆ. ಬಂಕಲ್ಲಿ ಕೆಟ್ಟ ಪೆಟ್ರೋಲ್ ಹಾಕ್ಬಿಟ್ಟಿದ್ದಾರೆ."

"ಈ ವಾರ ಪೆಟ್ರೋಲಾ?" ಅಂದರು. "ಸರಿ. ಮೆಟ್ರೋ ಇದೆಯಲ್ಲೇ, ಅದಕ್ಕೆ ಪೆಟ್ರೋಲ್ ಬೇಡವಂತೆ."

"ಕಾರು ಬಿಟ್ಟು ಹೆಂಗೆ ಬರ್ಲಿ?"

"ಅದೂ ಸರೀನೇ. ಹೀರೇಕಾಯಿ ಬಜ್ಜಿ ಮಾಡಿದ್ದೆ. ಇರ್ಲಿ ಬಿಡು."

ಈ ವಾರ ಪೆಟ್ರೋಲಾ ಎಂದದ್ದನ್ನು ತಮಾಷೆ ಎಂದುಕೊಂಡೆ.

ಕಾರನ್ನು ಎಳೆಸಿಕೊಂಡು ಶಿವಾಜಿನಗರಕ್ಕೆ ಹೋದೆ. ಅಣ್ಣನ ಕಾಲದಿಂದ ಈ ಕಾರು ನೋಡಿಕೊಳ್ಳುವ ಮೆಕ್ಯಾನಿಕ್ ಅಲ್ಲಿದ್ದಾರೆ. ಅವರ ಗ್ಯಾರೇಜಿಗೆ ರಜೆ ಶುಕ್ರವಾರ. ಬಾನೆಟ್ ತೆರೆಯದೆ ನೇರ ಹಿಂದಕ್ಕೆ ಹೋಗಿ, ಪೆಟ್ರೋಲ್ ಮುಚ್ಚಳದ ಸುತ್ತ ಬೆರಳಾಡಿಸಿ, "ಬಿಟ್ಟೋಗಿ ಮೇಡಂ, ಎರಡು ದಿನ" ಎಂದರು. ಬಂಕಿನ ವಿಷಯ ನಾನು ಉದ್ದಕ್ಕೆ ಹೇಳಿದೆ. ಕೇಳಿಸಿಕೊಂಡರು.

ಸೋಮವಾರ ಬೆಳಿಗ್ಗೆ ಆಟೋ ಹಿಡಿದು ಜಗಳಕ್ಕೆಂದೇ ಬಂಕಿಗೆ ಹೋದೆ. ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಮ್ಯಾನೇಜರ್ ವಾದಕ್ಕೆ ನಿಲ್ಲದೆ ಒಳಗಿಂದ ಒಂದು ಫಿಲ್ಟರ್ ಪೇಪರ್ ತಂದು ಪಂಪಿನ ಹತ್ತಿರವಿದ್ದ ಹೆಂಗಸಿಗೆ ಕೊಟ್ಟರು. ನನ್ನಷ್ಟೇ ವಯಸ್ಸಿರಬೇಕು ಆಕೆಗೆ.

"ಬನ್ನಿ ಅಕ್ಕಾ, ಪೇಪರ್ ನೀವೇ ಹಿಡ್ಕೊಳ್ಳಿ. ಆಮೇಲೆ ನಾವೇನೋ ಮಾಡಿದ್ವಿ ಅನ್ಬಾರ್ದು."

ನಳಿಗೆಯ ತುದಿಯನ್ನು ಬಟ್ಟೆಯಿಂದ ಒರೆಸಿ ಒಂದು ಹನಿ ಬಿಟ್ಟಳು. ನನ್ನ ಮಣಿಕಟ್ಟು ಹಿಡಿದು ಕಾಗದವನ್ನು ನೆಟ್ಟಗೆ ಮಾಡಿದಳು. ಹನಿ ಹರಡಿತು, ಅಂಚಿನಿಂದ ಒಳಕ್ಕೆ ಆರುತ್ತ ಬಂತು. ಎರಡು ನಿಮಿಷದ ಮೇಲೆ ಕಾಗದ ಮೊದಲಿನಂತೆಯೇ ಬೆಳ್ಳಗಿತ್ತು.

"ಹೇಳಿ, ಕಲೆ ಇದೆಯಾ?"

"ಇಲ್ಲ."

"ಮುಖ ಯಾಕೆ ಹಂಗೆ ಮಾಡ್ಕೊಂಡ್ರಿ ಮತ್ತೆ? ಕಲೆ ಇದ್ದಿದ್ರೆ ಖುಷಿಯಾಗ್ತಿತ್ತಾ?"

ಆಗುತ್ತಿತ್ತು. ನಿನ್ನೆಯ ಟ್ಯಾಂಕರ್ ಬಗ್ಗೆ ಕೇಳಿದೆ. ಭಾನುವಾರ ಯಾವ ಟ್ಯಾಂಕರೂ ಬಂದಿರಲಿಲ್ಲ ಎಂದು ಮ್ಯಾನೇಜರ್ ಹೇಳಿದರು. ಅವರು ಸುಳ್ಳು ಹೇಳಿರಬಹುದು. ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ಜೋಗುಪಾಳ್ಯದವರೆಗೆ ನಡೆದೆ. ಆಕೆ ಹಿಡಿದಿದ್ದ ಮಣಿಕಟ್ಟಿನ ಮೇಲೆ ಪೆಟ್ರೋಲಿನ ವಾಸನೆಯಿತ್ತು. ಕೈ ತೊಳೆಯುವುದನ್ನು ಸಂಜೆಯವರೆಗೆ ಮುಂದೂಡಿದೆ.

ಮಂಗಳವಾರ ಮೆಕ್ಯಾನಿಕ್ ಫೋನು ಬಂತು. ಹಿನ್ನೆಲೆಯಲ್ಲಿ ಬಸ್ಸುಗಳ ಹಾರ್ನು. "ಮೇಡಂ, ಪೆಟ್ರೋಲು... ವಾಸಿ ಆಗೈತೆ. ಬನ್ನಿ, ಒಂದ್ಸಲ ನೋಡ್ಕೊಂಡ್ ಹೋಗಿ."

ಹೀಗೇ ಕೇಳಿಸಿತು ನನಗೆ. ಕೂಡಲೇ ಅತ್ತಿಗೆಗೆ ಫೋನು ಮಾಡಿದೆ. "ವಾಸಿ ಆಯ್ತಂತೆ ಅತ್ತಿಗೆ. ಈ ಭಾನುವಾರ ಬರ್ತೀನಿ."

"ಯಾರಿಗೆ ವಾಸಿ ಆಯ್ತು?"

"ಕಾರಿಗೆ."

"ಓ, ಕಾರಿಗಾ" ಅಂದರು.

ಗ್ಯಾರೇಜಿಗೆ ಹೋದರೆ ಕಾರು ಇನ್ನೂ ಜಾಕಿನ ಮೇಲೆ ಎತ್ತರದಲ್ಲಿತ್ತು. ಪೆಟ್ರೋಲ್ ಟ್ಯಾಂಕನ್ನು ಕಳಚಿ ಪಕ್ಕದಲ್ಲಿ ಇಟ್ಟಿದ್ದರು. "ವಾಸಿ ಆಗಿದೆ ಅಂದ್ರಲ್ಲ?" ಎಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಕ್ಕರು. "ವಾಸಿ ಅಲ್ಲ ಮೇಡಂ, ಬಾಸಿ. ನಾವು ಮನೇಲಿ ಬಾಸಿ ಖಾನಾ ಅಂತೀವಲ್ಲ, ನಿನ್ನೆ ಅನ್ನ. ನಿಮ್ಮ ಕಡೆ ಏನಂತೀರಿ ಅದಕ್ಕೆ?"

"ತಂಗಳು."

"ಹಾಂ, ತಂಗಳು. ಇದು ತಂಗಳು ಪೆಟ್ರೋಲ್."

ಒಂದು ಗಾಜಿನ ಬಾಟಲಿಯನ್ನು ಬೆಳಕಿಗೆ ಹಿಡಿದರು. ಟ್ಯಾಂಕಿನಿಂದ ತೆಗೆದದ್ದು. ಮೇಲೆ ಗಾಢ ಹಳದಿ, ಕೆಳಗೆ ಎರಡು ಬೆರಳಿನಷ್ಟು ಮಬ್ಬು ನೀರು, ನಡುವೆ ಗೆರೆ ಎಳೆದ ಹಾಗೆ. ಮೂಗಿಗೆ ಹಳೆಯ ವಾರ್ನಿಷ್ ವಾಸನೆ ಬಡಿಯಿತು. ಟ್ಯಾಂಕಿನೊಳಗಿನ ಪಂಪಿನ ಬಾಯಿಗಿರುವ ಜಾಲರಿ ಕಂದು ಅಂಟಿನಿಂದ ಮುಚ್ಚಿಹೋಗಿತ್ತು. ಪಂಪು ಸುಟ್ಟಿದೆ, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ ತೊಳೆಯಬೇಕು, ಟ್ಯಾಂಕಿನ ಒಳಗೆ ತುಕ್ಕು ಶುರುವಾಗಿದೆ ಎಂದರು.

"ನೀರು ಬಂಕಿಂದಲೇ ತಾನೇ ಬಂದಿರೋದು?"

ಅವರು ನನ್ನನ್ನು ಕಾರಿನ ಬದಿಗೆ ಕರೆದುಕೊಂಡು ಹೋದರು. ಪೆಟ್ರೋಲ್ ಹಾಕುವ ಬಾಯಿಯ ಸುತ್ತ ಒಂದು ಸಣ್ಣ ಗುಣಿ, ಅದರ ಮೂಲೆಯಲ್ಲಿ ಮಳೆನೀರು ಹರಿದುಹೋಗಲು ಒಂದು ತೂತು. ತಂತಿಯಿಂದ ಆ ತೂತನ್ನು ಕೆದಕಿ, ಹೊರಬಂದದ್ದನ್ನು ಅಂಗೈಯಲ್ಲಿ ತೋರಿಸಿದರು. ಒಣಗಿ ಮುದ್ದೆಯಾದ ಹೊಂಗೆ ಹೂವು. ನಮ್ಮ ಬೀದಿಯಲ್ಲಿ ನಾನು ಕಾರು ನಿಲ್ಲಿಸುವುದು ಹೊಂಗೆ ಮರದ ಕೆಳಗೇ.

"ತೂತು ಕಟ್ಕೊಂಡಿದೆ. ಮಳೆ ನೀರು ಇಲ್ಲಿ ನಿಂತು, ನಿಂತು, ಮುಚ್ಚಳದ ರಬ್ಬರ್ ಸಂದೀಲಿ ಒಳಗೆ ಇಳಿದಿದೆ. ಭಾನುವಾರ ಹೊಸ ಪೆಟ್ರೋಲ್ ಬಿತ್ತಲ್ಲ, ಕೆಳಗಿರೋದೆಲ್ಲ ಕಲಕ್ತು. ಬಂಕಿನವ್ರದ್ದು ತಪ್ಪಿಲ್ಲ ಮೇಡಂ. ಗಾಡಿ ನಿಂತಿದ್ದು ಬಹಳ ದಿನ ಆಯ್ತು."

"ಪ್ರತಿ ಭಾನುವಾರ ಓಡಿಸ್ತೀನಿ. ಕೆ.ಆರ್.ಪುರಕ್ಕೆ, ಅಣ್ಣನ ಮನೆಗೆ."

"ಇರ್ಬಹುದು" ಎಂದರು, ಅಂಗೈ ಝಾಡಿಸುತ್ತ. "ಹೂ ಬಿದ್ದ ಟೈಮಿಂದ ಮಳೆವರೆಗೂ ಗಾಡಿ ಅಲ್ಲಾಡಿಲ್ಲ ಅನ್ಸುತ್ತೆ. ನನಗೆ ಅನ್ಸಿದ್ದು ಹೇಳ್ದೆ."

ಇನ್ನೂ ವಾದಿಸುವವಳಿದ್ದೆ. ದಿನ ಬಿಟ್ಟು ದಿನ ಕಾರಿನಲ್ಲಿ ಕೂತು ಐದು ನಿಮಿಷ ಎಂಜಿನ್ ಆನ್ ಮಾಡುತ್ತೇನೆ, ಬ್ಯಾಟರಿ ಇಳಿಯಬಾರದೆಂದು. ಅದನ್ನು ಹೇಳಲು ಬಾಯಿ ತೆರೆದಾಗ ಹೊಳೆಯಿತು. ನಿಂತಲ್ಲೇ ನಿಂತ ಕಾರಿನ ಬ್ಯಾಟರಿ ತಾನೇ ಇಳಿಯುವುದು.

ಮನೆಗೆ ಬಂದು ದಿನಚರಿ ತೆಗೆದೆ. ಎಲ್ಲ ಭಾನುವಾರಗಳ ತಲೆಯ ಮೇಲೂ "ಅಣ್ಣನ ಮನೆ" ಎಂದಿತ್ತು. ಒಂದು ಗಳಿಗೆ ಗೆದ್ದೆ ಎನಿಸಿತು. ಆದರೆ ವರ್ಷದ ಮೊದಲ ವಾರವೇ ಎಲ್ಲ ಭಾನುವಾರಗಳಿಗೂ ಹಾಗೆ ಬರೆದಿಡುವುದು ನನ್ನ ಅಭ್ಯಾಸ. ಎಲ್ಲಕ್ಕೂ ಒಂದೇ ಶಾಯಿ. ಕೆಳಗೆ ಓದಿದೆ. ಮಾರ್ಚಿನವರೆಗೆ ದಾರಿಯ ಸುದ್ದಿಯಿದೆ: ಕೆ.ಆರ್.ಪುರದ ತೂಗುಸೇತುವೆಯ ಹತ್ತಿರ ಮುಕ್ಕಾಲು ಗಂಟೆ ನಿಂತದ್ದು, ಸಂತೆಯಲ್ಲಿ ಅಣ್ಣನಿಗೆ ಸೀಬೆಹಣ್ಣು ಕೊಂಡದ್ದು. ಆಮೇಲಿನ ಪುಟಗಳಲ್ಲಿ ಅಡುಗೆ ಮಾತ್ರ. ಬಸ್ಸಾರು. ಮಾವಿನಕಾಯಿ ಚಿತ್ರಾನ್ನ. ಹುರುಳಿಕಾಳು ಹುಳಿ.

ಚಿತ್ರಾನ್ನದ ಹುಳಿ ನನಗೆ ನೆನಪಿದೆ. ತಟ್ಟೆಯೂ ಕಾಣುತ್ತದೆ. ಆದರೆ ಅತ್ತಿಗೆ ಪ್ರತಿ ಭಾನುವಾರ ಫೋನಿನಲ್ಲಿ ಅಡುಗೆ ಏನೆಂದು ಹೇಳುತ್ತಾರೆ, ಮೊನ್ನೆ ಹೀರೇಕಾಯಿ ಬಜ್ಜಿ ಹೇಳಿದ ಹಾಗೆ. ಅದೂ ಆ ದಿನದ ಪುಟದಲ್ಲಿದೆ. ನಾನು ತಿನ್ನದ ಬಜ್ಜಿ ಅದು, ಬರೆದದ್ದು ನಾನೇ. ಮೊದಲ ಸಲ ಹೋಗದಿದ್ದಾಗ ಮಂಡಿನೋವು ಎಂದಿದ್ದೆ, ಅದು ನಿಜವಾಗಿಯೂ ಇತ್ತು. ಆಮೇಲೆ ಏನೇನು ಹೇಳಿದೆನೋ. ಏಕೆ ಹೋಗಲಿಲ್ಲ ಎಂಬುದಕ್ಕೆ ನನ್ನ ಬಳಿ ಕಾರಣವಿಲ್ಲ. ಯಾರೂ ಬೇಸರದ ಮಾತಾಡಿರಲಿಲ್ಲ. ಹೋಗಿರಲೇ ಇಲ್ಲ ಎಂದು ಒಪ್ಪಲೂ ಮನಸ್ಸಾಗುತ್ತಿಲ್ಲ. ಒಂದೆರಡು ಸಲವಾದರೂ ಹೋಗಿರಬೇಕು.

ಬುಧವಾರ ಅಣ್ಣನಿಗೆ ಫೋನು ಮಾಡಿದೆ. ಹೂವಿನ ವಿಷಯ ಪೂರ್ತಿ ಕೇಳಿ, "ಮುಚ್ಚಳದ ರಬ್ಬರ್ ಹೊಸದು ಹಾಕ್ಸು. ಗಾಡಿ ನಿಲ್ಲಿಸೋದಾದ್ರೆ ಟ್ಯಾಂಕ್ ತುಂಬಿಸಿ ನಿಲ್ಸು, ಅರ್ಧ ಇಟ್ರೆ ಒಳಗೆ ಬೆವರುತ್ತೆ" ಅಂದ. ನಿಲ್ಲಿಸೋದಾದ್ರೆ ಎಂಬ ಮಾತನ್ನು ಅವನು ಮೆಲ್ಲಗೆ ಹೇಳಿದ. ಆಗ ಅವನಿಗೊಂದು ಪ್ರಶ್ನೆ ಕೇಳಿದೆ. ಆ ಕಡೆ ರೈಲೊಂದು ಹೋಯಿತು. ಸದ್ದು ಮುಗಿದ ಮೇಲೆ, "ನಿಮ್ಮತ್ತಿಗೆ ಕರೀತಿದಾಳೆ, ಇಡ್ತೀನಿ" ಅಂದ.

ನಿನ್ನೆ ಅವನೇ ಫೋನು ಮಾಡಿ ಹೊಸ ಪಂಪು ಬಂತೇ ಎಂದು ವಿಚಾರಿಸಿದ. ಆ ಮಾತು ಎತ್ತಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಬುಧವಾರ ನಾನು ಕೇಳಿದ್ದು ಇಷ್ಟೇ: "ಅಣ್ಣಾ, ನಾನು ನಿಮ್ಮನೆಗೆ ಕೊನೇ ಸಲ ಬಂದಿದ್ದು ಯಾವಾಗ?"