ಕಾಗದ ನೋಡದೆ ಬಿಡಿಸಿದ ಚಿತ್ರ

ನಾನು ದನದ ಡಾಕ್ಟರು. ಸರಕಾರಿ ಭಾಷೆಯಲ್ಲಿ ನನ್ನ ಹುದ್ದೆಗೆ ಉದ್ದದ ಹೆಸರಿದ್ದರೂ ಪಂಜದಿಂದ ಸಂಪಾಜೆಯವರೆಗೆ ಯಾರೂ ಹಾಗೆ ಕರೆದದ್ದಿಲ್ಲ. ಹಟ್ಟಿಯ ಬಾಗಿಲಲ್ಲಿ ನಿಂತೇ ದನದ ಕಾಯಿಲೆ ಹೇಳಬಲ್ಲೆನೆಂಬ ಜಂಬ ನಿವೃತ್ತಿಯಾದ ಮೇಲೂ ಇಳಿದಿಲ್ಲ. ಕಿವಿ ಜೋತಿದೆಯೇ, ಕಣ್ಣು ಗುಳಿಬಿದ್ದಿದೆಯೇ, ಕುತ್ತಿಗೆ ಊದಿದೆಯೇ, ಇಷ್ಟು ನೋಡಿದರೆ ಸಾಕು.

ಮನೆಯಲ್ಲಿ ಮಾತ್ರ ನಾನು ಬೆಳಗಿನ ಚಹಾವನ್ನು ಪೇಪರಿನ ಹಿಂದೆ ಕೂತು ಕುಡಿಯುವವನು. ಆಚೆಯಿಂದ ನನ್ನ ಹೆಂಡತಿ ವಾರಿಜಳ ಕೈ ಬಂದು ಲೋಟ ಇಡುತ್ತಿತ್ತು, ಖಾಲಿಯಾದ ಮೇಲೆ ಬಂದು ಒಯ್ಯುತ್ತಿತ್ತು. ಮದುವೆಯಾಗಿ ಮೂವತ್ತೈದು ವರ್ಷ; ಇನ್ನೇನು ನೋಡುವುದಿದೆ ಎಂಬ ಧೈರ್ಯ.

ಕಳೆದ ವರ್ಷ ಪುತ್ತೂರಿನಲ್ಲಿ ವಿಶ್ವವಿದ್ಯಾಲಯದ ಕಲಾ ಗ್ಯಾಲರಿಯವರು ಒಂದು ದಿನ ಊರವರಿಗೆಲ್ಲ ಬಾಗಿಲು ತೆರೆದರು. ಯಾರು ಬೇಕಾದರೂ ಬಂದು ಚಿತ್ರ ಬಿಡಿಸಬಹುದು. ಅಲ್ಲೇ ಓದುವ, ವಾರಿಜಳ ತಂಗಿಯ ಮಗಳು ಶ್ರಾವ್ಯ ನಮ್ಮನ್ನು ಎಳೆದುಕೊಂಡು ಹೋದಳು. ನಾನು ಬಿಡಿಸಿದರೆ ದನವೂ ಎಮ್ಮೆಯಾದೀತು ಎಂದರೂ ಕೇಳಲಿಲ್ಲ. ಎದುರುಬದುರು ಕುರ್ಚಿ ಹಾಕಿ ಇಬ್ಬರ ಕೈಗೂ ಪೆನ್ಸಿಲ್ ಕೊಟ್ಟಳು.

"ದೊಡ್ಡಪ್ಪ, ಕಾಗದ ನೋಡ್ಲಿಕ್ಕಿಲ್ಲ. ದೊಡ್ಡಮ್ಮನ ಮುಖ ಮಾತ್ರ ನೋಡುದು. ಹತ್ತು ನಿಮಿಷ."

"ಹತ್ತು ನಿಮಿಷವಾ!" ವಾರಿಜ ನಕ್ಕಳು. "ಇವರಿಗೆ ತಲೆತಿರುಗೀತು ಮಾರಾಯ್ತಿ."

ನೋಡತೊಡಗಿದೆ. ಮೊದಲು ನಾಚಿಕೆ, ಆಮೇಲೆ ಆಶ್ಚರ್ಯ. ಅವಳ ಹುಬ್ಬಿನ ಮೇಲೊಂದು ಕಲೆ. ಕೇಳಿದರೆ ಮದುವೆಗೂ ಮೊದಲಿನದಂತೆ! ಹಳೆಯ ಕವಿಗಳು ಹೆಣ್ಣಿನ ಕೊರಳನ್ನು ಶಂಖಕ್ಕೆ ಹೋಲಿಸಿದ್ದನ್ನು ನಾವು ತಮಾಷೆ ಮಾಡುತ್ತೇವೆ. ಪಾಪ, ಅವರು ನೋಡಿಯಾದರೂ ಹೋಲಿಸಿದರು. ಕೋಣೆಯಲ್ಲಿ ಸೆಕೆ. ವಾರಿಜ ಕೊರಳಿಗೆ ಸುತ್ತಿದ್ದ ಸೆರಗನ್ನು ಸಡಿಲಿಸಿದಳು. ಕೆಲವು ತಿಂಗಳಿಂದ ಹಾಗೆ ಸುತ್ತಿಕೊಳ್ಳುತ್ತಿದ್ದಳು, ಚಳಿಗೆ ಇರಬೇಕೆಂದುಕೊಂಡಿದ್ದೆ. ಗಲ್ಲದಿಂದ ಇಳಿದ ನನ್ನ ಪೆನ್ಸಿಲ್ ಕೊರಳಿನ ಬಲಬದಿಯಲ್ಲಿ ಉಬ್ಬಿ ಹೊರಗೆ ಹೋಗಿ ಮತ್ತೆ ಒಳಗೆ ಬಂತು.

ಕಾಗದ ನೋಡಿ ಶ್ರಾವ್ಯ ಹೊಟ್ಟೆ ಹಿಡಿದು ನಕ್ಕಳು. "ಇದೆಂತ ದೊಡ್ಡಪ್ಪ, ಕುತ್ತಿಗೆಯಲ್ಲಿ ಲಿಂಬೆಹುಳಿ?"

ವಾರಿಜ ನಗಲಿಲ್ಲ. ಸೆರಗನ್ನು ಮೇಲೆಳೆದುಕೊಂಡಳು.

"ಎಷ್ಟು ದಿವಸ ಆಯ್ತು?" ಎಂದೆ, ಹಟ್ಟಿಯಲ್ಲಿ ಕೇಳುವ ಹಾಗೆಯೇ.

"ನಾಲ್ಕು ತಿಂಗಳು. ಹೇಳ್ಲಿಕ್ಕೆ ಹೆದರಿಕೆ ಆಯ್ತು. ಮೊದಲು, ನೀವೇ ನೋಡ್ತೀರಿ ಅಂತ ಕಾದೆ. ಮತ್ತೆ ಮುಚ್ಚಿಕೊಂಡೆ."

ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಯನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ಅಷ್ಟು ಜನರ ನಡುವೆ ತಲೆಯೆತ್ತಲು ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು, ಭಯವಾಯಿತು.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಕೆಟ್ಟ ಗಡ್ಡೆಯೇ, ಆದರೆ ಹರಡಿರಲಿಲ್ಲ. ಈಗಲೂ ಆಗಾಗ ಹೋಗಿ ತೋರಿಸಿಕೊಂಡು ಬರಬೇಕು. ಆಸ್ಪತ್ರೆಯ ಫೈಲಿನಲ್ಲಿ ಸ್ಕ್ಯಾನಿಂಗ್ ರಿಪೋರ್ಟಿಗಿಂತ ಮೇಲೆ ಅವಳು ನನ್ನ ಚಿತ್ರವನ್ನು ಇಟ್ಟಿದ್ದಾಳೆ. ಅದರಲ್ಲಿ ಮೂಗು ಕಿವಿಯ ಹತ್ತಿರ ಹೋಗಿದೆ, ಒಂದು ಕಣ್ಣು ಹಣೆಗೆ ಏರಿದೆ. ಕೊರಳೊಂದು ಮಾತ್ರ ಸರಿಯಾಗಿದೆ.

ಪೇಪರು ಈಗಲೂ ಬರುತ್ತದೆ. ಚಹಾ ಮುಗಿಯುವವರೆಗೆ ಅದನ್ನು ಬಿಡಿಸುವುದಿಲ್ಲ. ವಾರಿಜಳಿಗೆ ಇನ್ನೂ ಅಭ್ಯಾಸವಾಗಿಲ್ಲ, ಮುಖ ತಿರುಗಿಸುತ್ತಾಳೆ.

"ಎಂತ ಮಾರಾಯ್ರೆ ಹಾಗೆ ನೋಡುದು? ನಾನೆಂತ ದನವಾ?"

ದನವಾಗಿದ್ದರೆ ಮೊದಲ ವಾರವೇ ನೋಡುತ್ತಿದ್ದೆ. ಆ ಮಾತನ್ನು ಚಹಾದ ಜೊತೆ ನುಂಗಿ, ಮತ್ತೆ ನೋಡುತ್ತೇನೆ.